ಬೇವುಲ್ಫ್ ಮೊದಲೋ, ಮಾಲ್ಡನ್ ಮೊದಲೋ: ಹಳೆಯ ಇಂಗ್ಲಿಷ್ ವೀರಕಾವ್ಯವನ್ನು ಎಲ್ಲಿಂದ ಓದಬೇಕು, ಯಾವ ಅನುವಾದದಲ್ಲಿ ಓದಬೇಕು

ಇಂಗ್ಲಿಷ್ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಓದಿದವರಿಗೆ ಬೇವುಲ್ಫ್ ಹೆಸರು ಹೊಸದಲ್ಲ. ಸಾಹಿತ್ಯ ಚರಿತ್ರೆಯ ಮೊದಲ ಪಾಠದಲ್ಲೇ ಅದು ಬರುತ್ತದೆ. ಒಂದು ಟಿಪ್ಪಣಿ ಬರೆದು, ಅಂಕ ಪಡೆದು, ಚಾಸರನ ಕಡೆಗೆ ನಡೆದುಬಿಡುತ್ತೇವೆ. ನಾನು ಆ ಕಾವ್ಯವನ್ನು ಮೊದಲು ಕಂಡದ್ದು ಗೈಡೊಂದರ ಎರಡು ಪುಟಗಳ ಸಾರಾಂಶದಲ್ಲಿ. ಒಬ್ಬ ವೀರ, ಮೂರು ಕಾಳಗ, ಕೊನೆಗೆ ಸಾವು. ಕಥೆ ಪೂರ್ತಿ ಅಲ್ಲಿತ್ತು, ಕಾವ್ಯದ ಒಂದು ಹನಿಯೂ ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಮೂಲದ ಸಾಲುಗಳನ್ನು ಗಟ್ಟಿಯಾಗಿ ಓದಿದ ಧ್ವನಿಮುದ್ರಣವೊಂದನ್ನು ಕೇಳಿದಾಗ, ಅರ್ಥವಾಗದ ಆ ಭಾಷೆ ಮೇಜಿನ ಮೇಲೆ ಬೆರಳು ತಟ್ಟುವಂತೆ ಮಾಡಿತು. ಆಗ ಪುಸ್ತಕ ಹುಡುಕಲು ಹೊರಟೆ.

ಹುಡುಕಲು ಹೊರಟವರಿಗೆ ಎದುರಾಗುವ ತೊಂದರೆ ಆಯ್ಕೆಯದು. ಬೇವುಲ್ಫ್ ಒಂದಕ್ಕೇ ಇಂಗ್ಲಿಷಿನಲ್ಲಿ ಹತ್ತಾರು ಅನುವಾದಗಳಿವೆ. ಒಂದು ಗದ್ಯ, ಒಂದು ಪದ್ಯ, ಒಂದು ನೂರು ವರ್ಷ ಹಳೆಯದು, ಇನ್ನೊಂದು ನಿನ್ನೆ ಮೊನ್ನೆಯದು. ಬೇವುಲ್ಫ್‌ನಿಂದಲೇ ಆರಂಭಿಸಬೇಕೇ ಎಂಬುದು ಬೇರೆ ಪ್ರಶ್ನೆ. ಸಾವಿರ ವರ್ಷದ ಹಿಂದೆ ಇಂಗ್ಲೆಂಡಿನ ಆಂಗ್ಲೋ-ಸ್ಯಾಕ್ಸನರು ಆಡುತ್ತಿದ್ದ ಹಳೆಯ ಇಂಗ್ಲಿಷಿನಲ್ಲಿ ಉಳಿದಿರುವ ಪದ್ಯ ಸುಮಾರು 30,000 ಸಾಲು. ಅದರಲ್ಲಿ ಬೇವುಲ್ಫ್‌ನ ಪಾಲು 3,182. ಉಳಿದದ್ದರಲ್ಲಿ ಒಂದೇ ಸಂಜೆ ಓದಿ ಮುಗಿಸಬಹುದಾದ, ಮನಸ್ಸನ್ನು ಅಲುಗಿಸುವ ಕವಿತೆಗಳಿವೆ. ಇವುಗಳಲ್ಲಿ ಯಾವುದು ಯಾರಿಗೆ ಎಂಬುದನ್ನು ಇಲ್ಲಿ ಹೋಲಿಸಿದ್ದೇನೆ.

ಆಯ್ಕೆಗೆ ನಾನು ಹಿಡಿದ ಅಳತೆಗೋಲು ಒಂದೇ. ಈ ಕಾವ್ಯದಲ್ಲಿ ಅಲಂಕಾರವೂ ಬದುಕಿನ ಮೌಲ್ಯವೂ ಒಂದೇ ಮಾತಿನಲ್ಲಿ ಕೂತಿರುತ್ತವೆ. ರಾಜನನ್ನು ಕವಿ ‘ಬಳೆಗಳನ್ನು ಹಂಚುವವನು’ ಎಂದು ಕರೆದರೆ ಅದು ವರ್ಣನೆಯೂ ಹೌದು, ಆ ಸಮಾಜದ ಕಟ್ಟುಪಾಡೂ ಹೌದು. ಅನುವಾದಕ ಅದನ್ನು ‘ರಾಜ’ ಎಂದು ಬರೆದು ಮುಂದೆ ಹೋದರೆ ಎರಡೂ ಕೈತಪ್ಪುತ್ತವೆ.

ಮೊದಲು ಎರಡು ಸಾಲು, ಕಿವಿಗಾಗಿ

ಪುಸ್ತಕ ಕೊಳ್ಳುವ ಮೊದಲು ಈ ಎರಡು ಸಾಲುಗಳನ್ನು ಗಟ್ಟಿಯಾಗಿ ಓದಿ. ಮಾಲ್ಡನ್ ಕಾಳಗದ ಕವಿತೆಯಲ್ಲಿ ಬಿರ್ತ್‌ವೋಲ್ಡ್ ಎಂಬ ಮುದಿ ಯೋಧ, ಒಡೆಯ ಸತ್ತು ಬಿದ್ದ ಮೇಲೆ, ಸೋಲು ಖಚಿತವಾದ ಮೇಲೆ, ಗುರಾಣಿ ಎತ್ತಿ ಆಡುವ ಮಾತು ಇದು:

ಹಿಯೆ ಶಲ್ ಥೇ ಹೆಅರ್ಡ್ರ, ಹೆಒರ್ಟೆ ಥೇ ಕೇನ್ರೆ,
ಮೋಡ್ ಶಲ್ ಥೇ ಮಾರೆ, ಥೇ ಊರೆ ಮಯೆನ್ ಲಿಟ್ಲಥ್.

‘ನಮ್ಮ ಬಲ ಕುಂದಿದಷ್ಟೂ ಮನಸ್ಸು ಬಿಗಿಯಬೇಕು, ಎದೆ ಗಟ್ಟಿಯಾಗಬೇಕು, ಕೆಚ್ಚು ಹೆಚ್ಚಬೇಕು’ ಎಂಬುದು ತಾತ್ಪರ್ಯ. ಈಗ ಸದ್ದಿಗೆ ಬನ್ನಿ. ಪ್ರತಿ ಸಾಲಿನ ನಡುವೆ ಒಂದು ಬಿಡುವಿದೆ, ಅದರ ಎರಡು ಬದಿಯಲ್ಲಿ ಎರಡೆರಡು ಒತ್ತುಗಳಿವೆ, ಅಂದರೆ ಒತ್ತಿ ಹೇಳುವ ಪದಗಳು. ಮೊದಲ ಸಾಲಿನಲ್ಲಿ ಹಿಯೆ, ಹೆಅರ್ಡ್ರ, ಹೆಒರ್ಟೆ ಎಂಬ ಮೂರು ಒತ್ತುಗಳು ಹಕಾರದಿಂದ ಹೊರಡುತ್ತವೆ. ನಾಲ್ಕನೆಯ ಒತ್ತು ಕೇನ್ರೆ, ಅದು ಗುಂಪಿಗೆ ಸೇರುವುದಿಲ್ಲ. ಎರಡನೆಯ ಸಾಲಿನಲ್ಲಿ ಮೋಡ್, ಮಾರೆ, ಮಯೆನ್ ಕೂಡುತ್ತವೆ, ಲಿಟ್ಲಥ್ ಹೊರಗೆ ನಿಲ್ಲುತ್ತದೆ. ಹಳೆಯ ಇಂಗ್ಲಿಷ್ ಛಂದಸ್ಸಿನ ಹೆಚ್ಚುಪಾಲು ನಿಯಮ ಇಷ್ಟೇ. ಬಿಡುವು ದಾಟಿದ ಕೂಡಲೇ ಬರುವ ಮೂರನೆಯ ಒತ್ತು ಇಡೀ ಸಾಲಿನ ಯಜಮಾನ. ಅದರ ಹಿಂದಿನ ಎರಡರಲ್ಲಿ ಒಂದಾದರೂ ಅದಕ್ಕೆ ಹೊಂದಬೇಕು, ಕೊನೆಯದು ಹೊಂದಬಾರದು. ಸ್ವರಗಳಿಗೆ ಮಾತ್ರ ಒಂದು ರಿಯಾಯಿತಿಯಿದೆ: ಯಾವ ಸ್ವರ ಯಾವ ಸ್ವರಕ್ಕಾದರೂ ಹೊಂದುತ್ತದೆ.

ನಮ್ಮ ಹಳಗನ್ನಡ ಕವಿಗಳು ಪ್ರಾಸವನ್ನು ಸಾಲಿನ ಎರಡನೆಯ ಅಕ್ಷರದಲ್ಲಿ ಇಟ್ಟರು. ಒಂದು ಸಾಲನ್ನು ಮುಂದಿನ ಸಾಲಿಗೆ ಕಟ್ಟುವ ದಾರ ಅದು. ಆಂಗ್ಲೋ-ಸ್ಯಾಕ್ಸನ್ ಕವಿ ಸದ್ದನ್ನು ಸಾಲಿನ ಒಳಗೇ ಇಟ್ಟ, ಒಂದು ಅರ್ಧವನ್ನು ಇನ್ನೊಂದು ಅರ್ಧಕ್ಕೆ ಹೊಲಿಯಲು. ಪಂಪನನ್ನು ಒಮ್ಮೆಯಾದರೂ ಗಟ್ಟಿಯಾಗಿ ಓದಿದ ಕನ್ನಡಿಗನಿಗೆ ಈ ವ್ಯತ್ಯಾಸ ಕಿವಿಯಲ್ಲೇ ತಿಳಿಯುತ್ತದೆ, ಪಾಠ ಬೇಕಾಗುವುದಿಲ್ಲ. ಮಾಲ್ಡನ್ ಕಾಳಗ ನಡೆದದ್ದು 991ರಲ್ಲಿ. ಪಂಪ, ರನ್ನರು ಬರೆದ ಅದೇ ಶತಮಾನ.

ಈ ನಾಲ್ಕು ಒತ್ತಿನ ನಡೆ ಕಿವಿಗೆ ಬಿದ್ದ ಮೇಲೆ ಅನುವಾದಗಳನ್ನು ಅಳೆಯುವುದು ಸುಲಭವಾಗುತ್ತದೆ. ಕೆಲವರು ಇದನ್ನು ಉಳಿಸಿಕೊಳ್ಳಲು ಹೆಣಗಿದ್ದಾರೆ. ಇನ್ನು ಕೆಲವರು ಇದನ್ನು ಬಿಟ್ಟುಕೊಟ್ಟು ಬೇರೆ ಏನನ್ನೋ ಉಳಿಸಿದ್ದಾರೆ.

ಯಾವ ಕವಿತೆಯಿಂದ ಆರಂಭ?

ನನ್ನನ್ನು ಕೇಳಿದರೆ ಮಾಲ್ಡನ್. ಎಸೆಕ್ಸ್ ಸೀಮೆಯ ಅಧಿಪತಿ ಬಿರ್ತ್‌ನೋತ್, ಬ್ಲ್ಯಾಕ್‌ವಾಟರ್ ನದಿಯ ಅಳಿವೆಯ ದಂಡೆಯಲ್ಲಿ, ಹಡಗೇರಿ ಬಂದ ವೈಕಿಂಗರನ್ನು ಎದುರಿಸಿ ಸತ್ತ ಕಾಳಗ ಅದು. ಉಳಿದಿರುವುದು 325 ಸಾಲು. ತಲೆಯೂ ಇಲ್ಲ, ಬಾಲವೂ ಇಲ್ಲ. ಇದ್ದ ಒಂದೇ ಹಸ್ತಪ್ರತಿ 1731ರ ಬೆಂಕಿಯಲ್ಲಿ ಸುಟ್ಟುಹೋಯಿತು, ಅದಕ್ಕೆ ಮೊದಲೇ ಮಾಡಿಟ್ಟಿದ್ದ ಒಂದು ಪ್ರತಿಯಿಂದ ಕವಿತೆ ಬದುಕಿತು.

ಆರಂಭದಲ್ಲೇ ಒಂದು ಚಿತ್ರವಿದೆ, ಅದಕ್ಕಾಗಿಯೇ ಇದನ್ನು ಮೊದಲು ಓದಿ ಎನ್ನುತ್ತೇನೆ. ಕುದುರೆಗಳನ್ನು ಓಡಿಸಿಬಿಡಿ, ಕಾಲ್ನಡಿಗೆಯಲ್ಲಿ ಮುಂದೆ ಬನ್ನಿ ಎಂದು ಬಿರ್ತ್‌ನೋತ್ ಆಜ್ಞೆ ಮಾಡುತ್ತಾನೆ. ಒಬ್ಬ ತರುಣನ ಕೈಯ ಮೇಲೆ ಅವನ ಅಕ್ಕರೆಯ ಗಿಡುಗ ಕೂತಿದೆ. ಬೇಟೆಗೆಂದು ಬಂದವನಂತೆ ಬಂದಿದ್ದಾನೆ ಅವನು. ಒಡೆಯನ ಮಾತು ಕೇಳಿದ ಕೂಡಲೇ ಕೈ ಸಡಿಲಿಸಿ ಆ ಹಕ್ಕಿಯನ್ನು ಕಾಡಿನ ಕಡೆಗೆ ಹಾರಿಬಿಟ್ಟು ಕಾಳಗಕ್ಕೆ ಹೆಜ್ಜೆ ಹಾಕುತ್ತಾನೆ. ಇವನು ಇನ್ನು ಹಿಂದೆಗೆಯುವವನಲ್ಲ ಎಂಬುದು ಆ ಒಂದು ಕೆಲಸದಿಂದ ನೋಡಿದವರಿಗೆಲ್ಲ ತಿಳಿಯಿತು ಎನ್ನುತ್ತಾನೆ ಕವಿ. ಭಾಷಣವಿಲ್ಲ, ಶಪಥವಿಲ್ಲ, ಹಾರಿಹೋದ ಒಂದು ಗಿಡುಗ ಇದೆ.

ಮುಂದೆ ವೈಕಿಂಗರ ದೂತ ಹೊಳೆಯಾಚೆ ನಿಂತು ಕಪ್ಪ ಕೇಳುತ್ತಾನೆ. ಕಪ್ಪವಾಗಿ ಈಟಿಗಳನ್ನು ಕೊಡುತ್ತೇವೆ, ವಿಷದ ಮೊನೆಗಳನ್ನೂ ಹಳೆಯ ಕತ್ತಿಗಳನ್ನೂ ಕೊಡುತ್ತೇವೆ ಎಂದು ಬಿರ್ತ್‌ನೋತ್ ಉತ್ತರ ಕೊಡುತ್ತಾನೆ. ಚರಿತ್ರೆ ಬೇರೆ ದಾರಿ ಹಿಡಿಯಿತು. ಅದೇ ವರ್ಷ 10,000 ಪೌಂಡು ಕಪ್ಪ ಸಲ್ಲಿಸಲಾಯಿತೆಂದು ಆಂಗ್ಲೋ-ಸ್ಯಾಕ್ಸನ್ ವಾರ್ಷಿಕ ದಾಖಲೆ ಹೇಳುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ಓದಿದರೆ ಕವಿತೆಯ ಆ ಸಾಲುಗಳು ಬೇರೆಯೇ ತೂಕ ಪಡೆಯುತ್ತವೆ.

ಬಿರ್ತ್‌ನೋತ್ ಬಿದ್ದ ಮೇಲೆ ಕವಿತೆ ಎರಡಾಗಿ ಸೀಳುತ್ತದೆ. ಗೋಡ್ರಿಕ್ ಎಂಬವನು ಒಡೆಯನ ಕುದುರೆಯನ್ನೇ ಹತ್ತಿ ಕಾಡಿಗೆ ಓಡುತ್ತಾನೆ. ದೂರದಿಂದ ನೋಡಿದವರು ಒಡೆಯನೇ ಓಡಿದ ಎಂದುಕೊಂಡು ಚದುರುತ್ತಾರೆ. ಉಳಿದವರು ಒಬ್ಬೊಬ್ಬರಾಗಿ ಮುಂದೆ ಬಂದು ಮಾತಾಡಿ ಸಾಯುತ್ತಾರೆ. ಮೀಡ್ ಎಂಬ ಜೇನುಮದ್ಯ ಕುಡಿಯುತ್ತ ಬೆಂಚಿನ ಮೇಲೆ ಕೂತು ನಾವು ಆಡಿದ ಮಾತುಗಳನ್ನು ನೆನೆಯಿರಿ, ಯಾರು ಗಟ್ಟಿ ಎಂಬುದು ಈಗ ತಿಳಿಯುತ್ತದೆ ಎನ್ನುತ್ತಾನೆ ಆಲ್ಫ್‌ವಿನೆ ಎಂಬ ಯುವಕ. ದುನ್ನೆರೆ ಎಂಬ ಸಾಮಾನ್ಯ ರೈತನೂ ಅವರಲ್ಲಿ ಒಬ್ಬ.

‘ಉಂಡ ಮನೆಗೆ ಎರಡು ಬಗೆಯಬೇಡ’ ಎಂದು ಕೇಳುತ್ತ ಬೆಳೆದವರಿಗೆ ಇದು ಕೂಡಲೇ ಒಳಗಿಳಿಯುತ್ತದೆ. ಜೋಳವಾಳಿ (ಉಂಡ ಅನ್ನದ ಋಣ), ವೇಳೆವಾಳಿ (ಒಡೆಯನಿಗಾಗಿ ಪ್ರಾಣ ಕೊಡುವ ವ್ರತ) ಎಂಬ ಶಾಸನದ ಮಾತುಗಳನ್ನು ಬಲ್ಲವರಿಗೆ, ಊರ ಮುಂದಿನ ವೀರಗಲ್ಲಿನ ಎದುರು ನಿಂತವರಿಗೆ ಇನ್ನೂ ಬೇಗ. ಅಲ್ಲಿ ಜೋಳ, ಇಲ್ಲಿ ಜೇನುಮದ್ಯ. ಋಣ ಒಂದೇ ಬಗೆಯದು. ಎರಡು ನಾಡುಗಳ ನಡುವೆ ಸಂಬಂಧವಿತ್ತೆಂದು ಇದರ ಅರ್ಥವಲ್ಲ. ಕನ್ನಡದ ಓದುಗನ ಕೈಯಲ್ಲಿ ಈ ಬಾಗಿಲಿನ ಕೀಲಿ ಆಗಲೇ ಇದೆ ಎಂದಷ್ಟೇ ನನ್ನ ಮಾತು.

ಮಾಲ್ಡನ್ ಓದುವಾಗ ‘ಓಫೆರ್‌ಮೋಡ್’ ಎಂಬ ಪದವನ್ನು ಅನುವಾದಕ ಏನು ಮಾಡಿದ್ದಾನೆ ನೋಡಿ. ಕಿರಿದಾದ ದಾರಿಯನ್ನು ಬಿಟ್ಟುಕೊಟ್ಟು, ಶತ್ರುಗಳು ದಾಟಿ ಬರಲು ಬಿರ್ತ್‌ನೋತ್ ಅವಕಾಶ ಕೊಟ್ಟದ್ದು ಈ ‘ಓಫೆರ್‌ಮೋಡ್’ನಿಂದ ಎನ್ನುತ್ತದೆ ಮೂಲ. ಅದನ್ನು ‘ಗರ್ವ’ ಎಂದರೆ ಕವಿ ತನ್ನ ನಾಯಕನನ್ನು ದೂರುತ್ತಿದ್ದಾನೆ. ‘ಮಿತಿಮೀರಿದ ಕೆಚ್ಚು’ ಎಂದರೆ ದೂರು ಅರ್ಧ, ಮೆಚ್ಚುಗೆ ಅರ್ಧ. ಒಂದೇ ಪದದ ಮೇಲೆ ಇಡೀ ಕವಿತೆಯ ತಕ್ಕಡಿ ವಾಲುತ್ತದೆ.

ಕಾಳಗ ಬೇಡ ಎನ್ನುವವರಿಗೆ ‘ಅಲೆಮಾರಿ’ ಎಂದು ಕನ್ನಡದಲ್ಲಿ ಕರೆಯಬಹುದಾದ ಕವಿತೆಯಿದೆ, ಇಂಗ್ಲಿಷಿನಲ್ಲಿ ವಾಂಡರರ್. 115 ಸಾಲು. ಮಾಲ್ಡನ್ ಒಡೆಯನ ಪಕ್ಕದಲ್ಲಿ ಸಾಯುವವರ ಕವಿತೆಯಾದರೆ ಇದು ಒಡೆಯ ಸತ್ತ ಮೇಲೂ ಬದುಕಿ ಉಳಿದವನ ಕವಿತೆ. ಹೊಸ ಆಸರೆ ಹುಡುಕುತ್ತ ಚಳಿಗಾಲದ ಕಡಲಲ್ಲಿ ಒಬ್ಬನೇ ಹುಟ್ಟು ಹಾಕುತ್ತಿರುವವನು. ನಿದ್ದೆ ಹತ್ತಿದಾಗ ಅವನಿಗೆ ಒಂದು ಕನಸು. ಒಡೆಯನನ್ನು ಅಪ್ಪಿ ಮುತ್ತಿಟ್ಟು, ಅವನ ಮೊಣಕಾಲಿನ ಮೇಲೆ ತನ್ನ ಕೈಗಳನ್ನೂ ತಲೆಯನ್ನೂ ಇಟ್ಟಂತೆ ಕನಸು. ಕಣ್ಣು ಬಿಟ್ಟರೆ ಎದುರಿಗೆ ಕಂದು ಅಲೆಗಳು, ರೆಕ್ಕೆ ಬಿಚ್ಚಿ ಮೀಯುತ್ತಿರುವ ಕಡಲಹಕ್ಕಿಗಳು, ಬೀಳುತ್ತಿರುವ ಮಂಜು. ಹಿಂದಿನ ಸುಖ ಹೋಯಿತು ಎಂದು ಹೇಳಲು ಕವಿಗೆ ಬೇಕಾದದ್ದು ಆ ಹಕ್ಕಿಗಳು ಮಾತ್ರ. ಕೊನೆಗೆ ಬರುವ ‘ಕುದುರೆ ಎಲ್ಲಿ ಹೋಯಿತು, ಯುವಕ ಎಲ್ಲಿ ಹೋದ, ನಿಧಿ ಕೊಡುವವನು ಎಲ್ಲಿ ಹೋದ’ ಎಂಬ ಸಾಲುಗಳು ಇಂಗ್ಲಿಷ್ ಕಾವ್ಯದಲ್ಲಿ ಬಹಳ ದೂರದವರೆಗೆ ಕೇಳಿಬಂದಿವೆ. ಇತ್ತೀಚೆಗೆ ಯಾರನ್ನಾದರೂ ಕಳೆದುಕೊಂಡಿದ್ದರೆ ಇದನ್ನು ಮೊದಲು ಓದಿ, ಮಾಲ್ಡನ್ ಆಮೇಲಾಗಲಿ. ಇದರ ಜೊತೆಗೆ 124 ಸಾಲಿನ ‘ಸೀಫೇರರ್’ ಇದೆ. ಹುಟ್ಟು ಹಿಡಿದವನ ಹೆಪ್ಪುಗಟ್ಟಿದ ಪಾದಗಳು ಅದರಲ್ಲಿ ಚೆನ್ನಾಗಿವೆ, ಕೊನೆಯ ಭಾಗ ಉಪದೇಶದ ಕಡೆಗೆ ಹೊರಳುತ್ತದೆ.

ಇವೆರಡೂ ಉಳಿದಿರುವುದು ಎಕ್ಸಿಟರ್ ಕ್ರೈಸ್ತ ದೇವಾಲಯದಲ್ಲಿರುವ ಹತ್ತನೆಯ ಶತಮಾನದ ಹಸ್ತಪ್ರತಿಯಲ್ಲಿ. ಬಿಷಪ್ ಲಿಯೊಫ್ರಿಕ್ ಕೊಟ್ಟ ಪುಸ್ತಕ ಅದು. ಒಂದು ಕಾಲದಲ್ಲಿ ಅದರ ಮೊದಲ ಹಾಳೆಯ ಮೇಲೆ ಏನನ್ನೋ ಕೊಯ್ದ ಚಾಕುವಿನ ಗೀರುಗಳಿವೆ, ಪಾತ್ರೆ ಇಟ್ಟ ದುಂಡನೆಯ ಕಲೆಯಿದೆ, ಕೊನೆಯ ಹಾಳೆಗಳಲ್ಲಿ ಕೊಳ್ಳಿ ಸುಟ್ಟ ತೂತುಗಳಿವೆ. ಅದೇ ಪುಸ್ತಕದಲ್ಲಿ ತೊಂಬತ್ತಕ್ಕೂ ಹೆಚ್ಚು ಒಗಟುಗಳಿವೆ. ಮಕ್ಕಳಿಗೆ ಈ ಲೋಕವನ್ನು ತೋರಿಸಬೇಕೆಂದಿದ್ದರೆ ಅವುಗಳಿಂದ ಆರಂಭಿಸಿ. ಕಳ್ಳನೊಬ್ಬ ಕತ್ತಲಲ್ಲಿ ಜ್ಞಾನಿಯ ಮಾತುಗಳನ್ನು ನುಂಗಿದ, ನುಂಗಿದರೂ ಒಂದಿಷ್ಟೂ ಜಾಣನಾಗಲಿಲ್ಲ, ಯಾರವನು? ಪುಸ್ತಕದ ಹುಳು.

ಧಾರ್ಮಿಕ ಕಾವ್ಯದಲ್ಲಿ ಆಸಕ್ತಿಯಿದ್ದವರಿಗೆ ‘ಶಿಲುಬೆಯ ಕನಸು’, 156 ಸಾಲು. ಶಿಲುಬೆಯೇ ಮಾತಾಡುತ್ತದೆ. ತನ್ನ ಒಡೆಯನಿಗಾಗಿ ಕಾದಾಡಬೇಕಾದ ಬಂಟ, ಬಾಗದೆ ನಿಂತು ಒಡೆಯನ ಸಾವಿಗೆ ತಾನೇ ಆಧಾರವಾಗಬೇಕಾದ ಸಂಕಟ ಅದರಲ್ಲಿದೆ. ಕ್ರಿಸ್ತ ಇಲ್ಲಿ ಅಂಗಿ ಕಳಚಿ ಕಾಳಗಕ್ಕೆ ಏರುವ ತರುಣ ವೀರ. ವೀರರ ಮೌಲ್ಯವೂ ಹೊಸ ಧರ್ಮವೂ ಹೇಗೆ ಒಂದನ್ನೊಂದು ಹೆಣೆದುಕೊಂಡವು ಎಂಬುದನ್ನು ಯಾವ ಪ್ರಬಂಧಕ್ಕಿಂತಲೂ ಚೆನ್ನಾಗಿ ಈ ಕವಿತೆ ತೋರಿಸುತ್ತದೆ. ಇದರ ಕೆಲವು ಸಾಲುಗಳು ಸ್ಕಾಟ್ಲೆಂಡಿನ ರತ್ವೆಲ್ ಎಂಬಲ್ಲಿನ ಕಲ್ಲಿನ ಶಿಲುಬೆಯ ಮೇಲೆ ರೂನ್ ಲಿಪಿಯಲ್ಲಿ ಕೆತ್ತಿವೆ, ಪೂರ್ತಿ ಕವಿತೆ ಇರುವ ಹಸ್ತಪ್ರತಿ ಮಾತ್ರ ಇಟಲಿಯ ವರ್ಚೆಲ್ಲಿಯಲ್ಲಿದೆ. ಬೈಬಲ್ ಕಾಲದ ಕಥೆಯೊಂದನ್ನು ಹೇಳುವ ‘ಜೂಡಿತ್’ ಕವಿತೆಯನ್ನು ನಾನು ಕೊನೆಗೆ ಇಡುತ್ತೇನೆ. ಕಥೆ ಬಿರುಸಾಗಿದೆ, ಆದರೆ ಮೇಲಿನವುಗಳ ಆಳ ಅದಕ್ಕಿಲ್ಲ.

ಬೇವುಲ್ಫ್ ಯಾವಾಗ?

ಇವುಗಳಲ್ಲಿ ಎರಡನ್ನಾದರೂ ಓದಿದ ಮೇಲೆ. ಕಾರಣವಿದೆ. ಬೇವುಲ್ಫ್ ನೇರವಾಗಿ ಕಥೆ ಹೇಳುವುದಿಲ್ಲ. ರಾಕ್ಷಸನೊಡನೆ ಹೊಡೆದಾಟ ಮುಗಿದ ಕೂಡಲೇ ಕವಿ ಎಲ್ಲೋ ಇನ್ನೊಂದು ವಂಶದ ಜಗಳಕ್ಕೆ ಹೊರಳುತ್ತಾನೆ. ಹಿಲ್ಡೆಬುರ್ ಎಂಬ ರಾಣಿ ತನ್ನ ಅಣ್ಣನನ್ನೂ ಮಗನನ್ನೂ ಒಂದೇ ಚಿತೆಯ ಮೇಲೆ ಮಲಗಿಸುವ ಕಥೆಯನ್ನು ಗೆಲುವಿನ ಔತಣದಲ್ಲೇ ಹಾಡಿಸುತ್ತಾನೆ. ಕೊಲೆಗೆ ಕೊಲೆ, ಇಲ್ಲವೇ ಕೊಲೆಗೆ ದಂಡ ಎಂಬ ಆ ಲೋಕದ ಲೆಕ್ಕ ಗೊತ್ತಿಲ್ಲದಿದ್ದರೆ ಇವೆಲ್ಲ ಅಡ್ಡಕಥೆಗಳಂತೆ ಕಾಣುತ್ತವೆ. ಗೊತ್ತಿದ್ದರೆ ಇವೇ ಕಾವ್ಯದ ಬೆನ್ನೆಲುಬು ಎಂದು ತಿಳಿಯುತ್ತದೆ.

ಕೊಲೆಗಾರ ಸತ್ತವನ ಮನೆಯವರಿಗೆ ಕೊಡಬೇಕಾದ ತೆರಕ್ಕೆ ವೆರ್‌ಗಿಲ್ಡ್ ಎಂದು ಹೆಸರು. ಪ್ರತಿಯೊಬ್ಬ ಮನುಷ್ಯನಿಗೂ ಅವನ ಅಂತಸ್ತಿಗೆ ತಕ್ಕ ಬೆಲೆಯಿತ್ತು. ಬೇವುಲ್ಫ್‌ನ ತಂದೆ ಒಬ್ಬನನ್ನು ಕೊಂದಾಗ ಆ ತೆರ ತೆತ್ತು ಜಗಳ ಬಗೆಹರಿಸಿದವನು ಡೇನರ ರಾಜ ಹ್ರೋತ್‌ಗಾರ್. ಮಗ ಕಡಲು ದಾಟಿ ಬಂದು ಅದೇ ಹ್ರೋತ್‌ಗಾರ್‌ನ ಸಭಾಮಂದಿರವನ್ನು ಗ್ರೆಂಡೆಲ್ ಎಂಬ ರಾಕ್ಷಸನಿಂದ ಉಳಿಸುವುದರ ಹಿಂದೆ ಈ ಋಣವೂ ಇದೆ. ಗ್ರೆಂಡೆಲ್ ಹನ್ನೆರಡು ವರ್ಷ ಮನುಷ್ಯರನ್ನು ಕೊಂದು ತಿಂದ. ಅವನ ಬಗ್ಗೆ ಕವಿ ಹೇಳುವ ಮಾತು ಕೇಳಿ: ಆ ಕೊಲೆಗಾರನ ಕೈಯಿಂದ ಹೊಳೆಯುವ ಪರಿಹಾರ ಸಿಗುವುದೆಂದು ಯಾವ ಹಿರಿಯನೂ ನಿರೀಕ್ಷಿಸಬೇಕಾಗಿರಲಿಲ್ಲ. ತಗ್ಗಿಸಿ ಹೇಳಿ ಎತ್ತರಿಸುವ ಈ ಅಲಂಕಾರ ಇಡೀ ಕಾವ್ಯದಲ್ಲಿ ಹರಡಿದೆ. ಕೊಲ್ಲುವುದಕ್ಕಿಂತಲೂ, ಕೊಂದ ಮೇಲೆ ತೆರ ಕೊಡದಿರುವುದು ಅವನನ್ನು ಮನುಷ್ಯ ಲೋಕದಿಂದ ಹೊರಗೆ ನಿಲ್ಲಿಸುತ್ತದೆ ಎಂಬ ತೀರ್ಪು ಆ ತಣ್ಣನೆಯ ಮಾತಿನೊಳಗೆ ಇದೆ.

ಇದೇ ಕಾವ್ಯದಲ್ಲಿ ಹ್ರೆಥೆಲ್ ಎಂಬ ಮುದಿ ರಾಜನಿದ್ದಾನೆ. ಅವನ ಒಬ್ಬ ಮಗ ಬಿಟ್ಟ ಬಾಣ ಗುರಿ ತಪ್ಪಿ ಇನ್ನೊಬ್ಬ ಮಗನನ್ನು ಕೊಲ್ಲುತ್ತದೆ. ತೆರ ಯಾರು ಯಾರಿಗೆ ಕೊಡಬೇಕು? ಸೇಡು ಯಾರ ಮೇಲೆ? ಲೆಕ್ಕ ಮುರಿದುಬೀಳುತ್ತದೆ, ಮುದುಕ ಕೊರಗಿ ಸಾಯುತ್ತಾನೆ. ಮೂರು ಕಾಳಗಗಳ ಸಾರಾಂಶದಲ್ಲಿ ಈ ತಂದೆಗೆ ಎಂದೂ ಜಾಗ ಸಿಗುವುದಿಲ್ಲ. ನನಗೆ ಈ ಕಾವ್ಯದಲ್ಲಿ ಅತ್ಯಂತ ಹತ್ತಿರವಾದವನು ಅವನೇ.

ಓದುವ ಮೊದಲು ಒಮ್ಮೆ ಸಟನ್ ಹೂ ಶಿರಸ್ತ್ರಾಣದ ಚಿತ್ರ ನೋಡಿ. 1939ರಲ್ಲಿ ಇಂಗ್ಲೆಂಡಿನ ಸಫೋಕ್‌ನ ಸಟನ್ ಹೂ ಎಂಬಲ್ಲಿ ದಿಬ್ಬವೊಂದನ್ನು ಅಗೆದಾಗ ಏಳನೆಯ ಶತಮಾನದ ಹಡಗಿನ ಸಮಾಧಿ ಸಿಕ್ಕಿತು, ಆ ಶಿರಸ್ತ್ರಾಣ ಅದರೊಳಗಿತ್ತು. ಬೇವುಲ್ಫ್ ಆರಂಭವಾಗುವುದೂ ಒಬ್ಬ ರಾಜನನ್ನು ನಿಧಿಯ ನಡುವೆ ಹಡಗಿನಲ್ಲಿ ಮಲಗಿಸಿ ಕಡಲಿಗೆ ಬಿಡುವುದರಿಂದ. ಕಥೆ ನಡೆಯುವುದು ಮಾತ್ರ ಡೆನ್ಮಾರ್ಕ್ ಮತ್ತು ದಕ್ಷಿಣ ಸ್ವೀಡನ್ ಕಡೆ, ಇಂಗ್ಲೆಂಡಿನ ನೆಲದ ಮೇಲೆ ಏನೂ ನಡೆಯುವುದಿಲ್ಲ.

ಅನುವಾದಗಳು: ಐದು ಕಡೆ ಕೈಯಿಟ್ಟು ನೋಡಿ

ಅಂಗಡಿಯಲ್ಲಿ ನಿಂತೋ ಮೊಬೈಲಿನಲ್ಲಿ ಮಾದರಿ ಪುಟ ತೆರೆದೋ ನೋಡಬೇಕಾದ ಮೊದಲ ಜಾಗ ಮೊದಲ ಪದ. ಮೂಲದಲ್ಲಿ ಅದು ‘ಹ್ವ್ಯಾಟ್’. ಕವಿ ಸಭೆಯ ಗಮನ ಸೆಳೆಯುವ ಕೂಗು. ‘ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್ ಅದನ್ನು ‘ಲೋ’ ಎಂದರು, ಮೈಕೆಲ್ ಅಲೆಕ್ಸಾಂಡರ್ ‘ಅಟೆಂಡ್’ ಎಂದರು, ಟಾಲ್ಬಟ್ ಡೊನಾಲ್ಡ್‌ಸನ್ ‘ಯೆಸ್’ ಎಂದರು, ರಾಯ್ ಲಿಯುಜ್ಜಾ ‘ಲಿಸನ್’ ಎಂದರು. ಐರಿಷ್ ಕವಿ ಶೇಮಸ್ ಹೀನಿ ‘ಸೋ’ ಎಂದು ಬರೆದು ಪೂರ್ಣವಿರಾಮ ಇಟ್ಟರು. ಮರಿಯಾ ದಹ್ವಾನಾ ಹೆಡ್ಲಿ ‘ಬ್ರೋ’ ಎಂದು ಕೂಗಿದರು. ಈ ಒಂದೊಂದು ಪದದಲ್ಲಿ ಅವರವರ ಪುಸ್ತಕದ ಇಡೀ ಧ್ವನಿ ಇದೆ, ನಿಮಗೆ ಯಾವ ಕೂಗಿಗೆ ತಲೆ ಎತ್ತಬೇಕೆನಿಸುತ್ತದೋ ಅದನ್ನು ಹಿಡಿಯಬಹುದು.

ಎರಡನೆಯದು ಜೋಡುಪದಗಳು. ಕಡಲನ್ನು ‘ತಿಮಿಂಗಿಲದ ದಾರಿ’, ದೇಹವನ್ನು ‘ಎಲುಬಿನ ಮನೆ’, ಕತ್ತಿಯನ್ನು ‘ಕಾಳಗದ ಬೆಳಕು’ ಎನ್ನುವ ಈ ಬಗೆಗೆ ಕೆನ್ನಿಂಗ್ ಎಂಬ ಹೆಸರಿದೆ. ‘ದೇಹವೇ ದೇಗುಲ’ ಎಂದು ಹಾಡುವ ನಮಗೆ ‘ಎಲುಬಿನ ಮನೆ’ ಮೊದಲು ಚಳಿ ಹುಟ್ಟಿಸುತ್ತದೆ. ಅದರಲ್ಲಿ ದೇವರಿಲ್ಲ, ಬಾಡಿಗೆಗೆ ಇರುವ ಉಸಿರು ಮಾತ್ರ ಇದೆ, ಹಗೆಯ ಕತ್ತಿ ಅದರ ಬಾಗಿಲು ಒಡೆಯುತ್ತದೆ. ಇವುಗಳಲ್ಲಿ ಮುಖ್ಯವಾದದ್ದು ‘ಬೇಅಗ ಬ್ರಿತ್ತ’, ಬಳೆ ಹಂಚುವವನು. ಗ್ರೆಂಡೆಲ್ ಸತ್ತ ಮೇಲೆ ಹ್ರೋತ್‌ಗಾರ್ ಚಿನ್ನದ ಧ್ವಜ, ಶಿರಸ್ತ್ರಾಣ, ಕವಚ, ಕತ್ತಿ, ಎಂಟು ಕುದುರೆಗಳನ್ನು ಕೊಡುತ್ತಾನೆ. ಬೇವುಲ್ಫ್ ಊರಿಗೆ ಮರಳಿ ಅವುಗಳನ್ನು ತನ್ನ ರಾಜನ ಮುಂದೆ ಇಡುತ್ತಾನೆ, ರಾಜ ತಿರುಗಿ ಅವನಿಗೆ ಭೂಮಿ ಕೊಡುತ್ತಾನೆ. ಚಿನ್ನ ಕೈಯಿಂದ ಕೈಗೆ ಹರಿದಷ್ಟು ಕಾಲ ಸಮಾಜ ಗಟ್ಟಿ. ಅದನ್ನು ನೆಲದಡಿ ಕೂಡಿಟ್ಟು ಅದರ ಮೇಲೆ ಮಲಗಿದವನು ಕೊನೆಯ ಕಾಳಗದ ಡ್ರ್ಯಾಗನ್. ಬಳೆ ಹಂಚುವವನು ಎಂಬ ಪದ ಅನುವಾದದಲ್ಲಿ ಉಳಿಯದಿದ್ದರೆ, ಡ್ರ್ಯಾಗನ್ ಏಕೆ ಹಗೆ ಎಂಬುದೂ ಅರ್ಧ ಅಳಿಸಿಹೋಗುತ್ತದೆ. ಹೀನಿ ಇದನ್ನು ಉಳಿಸಿದ್ದಾರೆ.

ಮೂರನೆಯದು ಪುನರುಕ್ತಿ. ಒಬ್ಬನನ್ನೇ ಮೂರು ನಾಲ್ಕು ಹೆಸರಿನಿಂದ ಸಾಲುಸಾಲಾಗಿ ಕರೆಯುತ್ತ ಹೋಗುವುದು ಈ ಕಾವ್ಯದ ನಡಿಗೆ. ಇದು ಬೇಸರವೆಂದು ಕತ್ತರಿಸಿದ ಅನುವಾದ ಬೇಗ ಓಡುತ್ತದೆ, ಆದರೆ ಮೂಲ ನಿಂತು ನಿಂತು ಸುತ್ತಿ ನೋಡುವ ಕಾವ್ಯ. ನಾಲ್ಕನೆಯದು ‘ಆಗ್ಲಾಕ್‌ವೀಫ್’, ಗ್ರೆಂಡೆಲ್‌ನ ತಾಯಿಗೆ ಕವಿ ಕೊಟ್ಟ ಹೆಸರು. ಹೀನಿ ಅವಳನ್ನು ನರಕದ ಮದುವಣಗಿತ್ತಿಯೆಂಬಂತೆ ಘೋರವಾಗಿ ಚಿತ್ರಿಸಿದರು, ಹೆಡ್ಲಿ ‘ಯೋಧೆ’ ಎಂದರು. ಆ ಪದದ ಮೊದಲ ಭಾಗವನ್ನೇ ಕವಿ ಸಿಗೆಮುಂಡ್ ಎಂಬ ವೀರನಿಗೂ, ಒಂದು ಕಡೆ ಬೇವುಲ್ಫ್ ಮತ್ತು ಡ್ರ್ಯಾಗನ್ ಇಬ್ಬರಿಗೂ ಸೇರಿಸಿಯೇ ಬಳಸಿದ್ದಾನೆ. ಹೀಗಿರುವಾಗ ಅವಳೊಬ್ಬಳಿಗೆ ಮಾತ್ರ ರಾಕ್ಷಸಿ ಎಂದು ಬರೆಯುವುದು ನ್ಯಾಯವಲ್ಲ ಎಂದು ನನಗೂ ಅನಿಸುತ್ತದೆ. ಕೊಲೆಯಾದ ಮಗನಿಗಾಗಿ ಸೇಡು ತೀರಿಸಲು ಬಂದವಳು ಅವಳು, ಆ ಲೋಕದ ಲೆಕ್ಕದಂತೆಯೇ ನಡೆದವಳು.

ಐದನೆಯದನ್ನು ಕೊನೆಗೆ ಹೇಳುತ್ತೇನೆ. ಮೊದಲು ಯಾರಿಗೆ ಯಾವುದು ಎಂಬುದು.

ಒಂದೇ ಪುಸ್ತಕ ಕೊಳ್ಳುವುದಾದರೆ ಹೀನಿಯವರದು, ಅದರಲ್ಲೂ ಎದುರು ಪುಟದಲ್ಲಿ ಮೂಲವಿರುವ ಆವೃತ್ತಿ. 1999ರಲ್ಲಿ ಬಂದ ಈ ಅನುವಾದಕ್ಕೆ ಆ ವರ್ಷದ ವಿಟ್‌ಬ್ರೆಡ್ ಪ್ರಶಸ್ತಿ ಸಿಕ್ಕಿತು. ಉತ್ತರ ಐರ್ಲೆಂಡಿನ ತಮ್ಮ ಮನೆಯವರ ಗಟ್ಟಿ ದನಿಯ ಮಾತನ್ನು ಅವರು ಈ ಹಳೆಯ ಕಾವ್ಯದ ಬಾಯಿಗೆ ಇಟ್ಟರು. ಆದಿಯ ಸದ್ದು ಹೊಂದಿಸುವ ನಿಯಮವನ್ನು ಅವರು ಎಲ್ಲ ಕಡೆ ಪಾಲಿಸುವುದಿಲ್ಲ. ಪಾಲಿಸಿದ ಕಡೆ ಅದು ಹೇರಿದಂತೆ ಕಾಣುವುದಿಲ್ಲ. ಅವರೇ ಓದಿದ ಧ್ವನಿಮುದ್ರಣವೂ ಇದೆ, ಬಸ್ಸಿನಲ್ಲಿ ಹೋಗುತ್ತ ಕೇಳಬಹುದು.

ನಾಲ್ಕು ಒತ್ತಿನ ನಡೆಯೇ ಬೇಕು ಎನ್ನುವವರಿಗೆ ಅಲೆಕ್ಸಾಂಡರ್, 1973ರ ಪೆಂಗ್ವಿನ್ ಆವೃತ್ತಿ. ಸದ್ದಿನ ನಿಷ್ಠೆಗಾಗಿ ಕೆಲವೊಮ್ಮೆ ವಾಕ್ಯ ಬಿಗಿಯುತ್ತದೆ, ಗಟ್ಟಿಯಾಗಿ ಓದಿದಾಗ ಆ ಬಿಗಿತ ಕರಗುತ್ತದೆ. ಎಂಎ ತರಗತಿಗೆ, ಪರೀಕ್ಷೆಗೆ, ಪಾಠ ಮಾಡುವುದಕ್ಕೆ ಲಿಯುಜ್ಜಾ ಒಳ್ಳೆಯದು. ಅರ್ಥಕ್ಕೆ ನಿಷ್ಠ, ಹಿನ್ನೆಲೆಯ ಟಿಪ್ಪಣಿ ಧಾರಾಳ. ಮೂಲವನ್ನು ಪದಪದವಾಗಿ ಹಿಂಬಾಲಿಸಬೇಕೆಂದಿದ್ದರೆ ಹೊವೆಲ್ ಚಿಕರಿಂಗ್ ಅವರ ಎರಡು ಭಾಷೆಯ 1977ರ ಆವೃತ್ತಿ, ಇಲ್ಲವೇ ಡೊನಾಲ್ಡ್‌ಸನ್ ಅವರ 1966ರ ಗದ್ಯ. ಗದ್ಯವೆಂದು ಹಿಂಜರಿಯಬೇಡಿ, ಡೊನಾಲ್ಡ್‌ಸನ್ ಪುನರುಕ್ತಿಗಳನ್ನು ಹಾಗೆಯೇ ಬಿಟ್ಟಿದ್ದಾರೆ.

ಟೋಲ್ಕಿನ್ ಅವರ ಗದ್ಯಾನುವಾದ 1926ರಲ್ಲೇ ಸಿದ್ಧವಾಗಿತ್ತು, ಅಚ್ಚಾದದ್ದು 2014ರಲ್ಲಿ, ಮಗ ಕ್ರಿಸ್ಟೋಫರ್ ಸಂಪಾದಿಸಿ. ಭಾಷೆ ಹಳೆಯ ಶೈಲಿಯದು, ಮೊದಲ ಓದಿಗೆ ಭಾರ. ಆದರೆ ಪದಗಳ ಬಗ್ಗೆ ಅವರ ವ್ಯಾಖ್ಯಾನ ಚಿನ್ನ. 1936ರ ಅವರ ಉಪನ್ಯಾಸದವರೆಗೆ ವಿದ್ವಾಂಸರಲ್ಲಿ ಹೆಚ್ಚಿನವರು ಬೇವುಲ್ಫ್ ಅನ್ನು ಚರಿತ್ರೆಯ ಗಣಿಯಂತೆ ಅಗೆಯುತ್ತಿದ್ದರು. ಇದು ಮೊದಲು ಕಾವ್ಯ, ರಾಕ್ಷಸರು ಅದರ ನಡುಮನೆಯಲ್ಲೇ ಇರಬೇಕಾದವರು ಎಂದು ವಾದಿಸಿ ಓದಿನ ದಿಕ್ಕನ್ನು ಬದಲಿಸಿದವರು ಅವರು. ಎರಡನೆಯ ಪುಸ್ತಕವಾಗಿ ಕೊಳ್ಳಿ. ಹೆಡ್ಲಿಯವರ 2020ರ ಅನುವಾದವೂ ಎರಡನೆಯದಾಗಿಯೇ ರುಚಿಸುತ್ತದೆ. ಇಂದಿನ ಬೀದಿಯ ಇಂಗ್ಲಿಷಿನಲ್ಲಿ ಗಂಡಸರ ಜಂಬದ ಮಾತುಗಳನ್ನು ಅವರು ಬಯಲಿಗೆ ತರುತ್ತಾರೆ, ಆದಿಯ ಸದ್ದು ಅವರಲ್ಲಿ ಮಿಂಚುತ್ತದೆ. ಹತ್ತು ವರ್ಷಗಳಲ್ಲಿ ಆ ಬೀದಿಭಾಷೆ ಹಳಸಬಹುದು ಎಂಬ ಅಳುಕು ನನಗಿದೆ. ಹದಿನೆಂಟರ ಮಗಳಿಗೋ ಮಗನಿಗೋ ಕೊಡುವುದಾದರೆ ಮಾತ್ರ ಇದನ್ನೇ ಮೊದಲು ಕೊಡಿ.

ದುಡ್ಡು ಖರ್ಚು ಮಾಡಲಾಗದವರಿಗೆ ಫ್ರಾನ್ಸಿಸ್ ಗಮ್ಮಿಯರ್ ಅವರ ಅನುವಾದ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ನೂರು ವರ್ಷಕ್ಕೂ ಹಳೆಯದು, ಪದಗಳು ಕಷ್ಟ, ಆದರೆ ಸದ್ದಿನ ಕಟ್ಟು ಚೆನ್ನಾಗಿದೆ. ಮಾಲ್ಡನ್, ವಾಂಡರರ್, ಒಗಟುಗಳು, ಬೇವುಲ್ಫ್ ಎಲ್ಲವೂ ಒಂದೇ ಸಂಪುಟದಲ್ಲಿ ಬೇಕೆಂದರೆ ಕೆವಿನ್ ಕ್ರಾಸ್ಲಿ-ಹಾಲೆಂಡ್ ಅವರ ಆಂಗ್ಲೋ-ಸ್ಯಾಕ್ಸನ್ ಸಂಕಲನ. ನಾನು ಹೇಳಿದ ಕ್ರಮದಲ್ಲಿ ಓದಲು ಅದು ಅನುಕೂಲ.

ಈಗ ಐದನೆಯ ಜಾಗ, ಕೊನೆಯ ಪದ. ಐವತ್ತು ವರ್ಷ ಆಳಿದ ಬೇವುಲ್ಫ್ ಡ್ರ್ಯಾಗನ್ ಎದುರು ಸಾಯುತ್ತಾನೆ. ಜೊತೆಗೆ ಬಂದವರಲ್ಲಿ ವಿಗ್ಲಾಫ್ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಕಾಡಿಗೆ ಓಡಿದ್ದಾರೆ. ಕಡಲ ಅಂಚಿನಲ್ಲಿ ದಿಬ್ಬ ಕಟ್ಟಿ, ಹನ್ನೆರಡು ಜನ ಕುದುರೆಯ ಮೇಲೆ ಅದನ್ನು ಸುತ್ತುತ್ತ ತಮ್ಮ ರಾಜನನ್ನು ಹೊಗಳುತ್ತಾರೆ: ರಾಜರಲ್ಲೆಲ್ಲ ಅತ್ಯಂತ ಉದಾರಿ, ಅತ್ಯಂತ ಸೌಮ್ಯ, ಜನರಿಗೆ ಅತ್ಯಂತ ದಯಾಳು, ಮತ್ತು ‘ಲೋಫ್‌ಯೆಒರ್ನೊಸ್ಟ್’. ಮೊದಲ ಮೂರು ಮೆತ್ತನೆಯ ಮಾತುಗಳು. ನಾಲ್ಕನೆಯದು ಕೀರ್ತಿಗಾಗಿ ಎಲ್ಲರಿಗಿಂತ ಹೆಚ್ಚು ಹಂಬಲಿಸಿದವನು ಎಂದು. ಹೊಗಳಿಕೆಯೇ, ಅದರೊಳಗೊಂದು ನಿಟ್ಟುಸಿರೇ? ಆ ಹಂಬಲದಿಂದಲೇ ಮುದಿವಯಸ್ಸಿನಲ್ಲಿ ಒಬ್ಬನೇ ಡ್ರ್ಯಾಗನ್ ಎದುರು ಹೋದ. ಅವನಿಲ್ಲದ ನಾಡಿನ ಮೇಲೆ ನೆರೆಯ ಹಗೆಗಳು ಏರಿ ಬರುತ್ತವೆಂಬ ಭಯ ಚಿತೆಯ ಬಳಿ ಅಳುತ್ತಿದ್ದ ಹೆಂಗಸಿನ ಹಾಡಿನಲ್ಲಿದೆ. ನಿಮ್ಮ ಕೈಯಲ್ಲಿರುವ ಪುಸ್ತಕದ ಕೊನೆಯ ಪುಟ ತಿರುಗಿಸಿ, ಅನುವಾದಕ ಆ ಪದವನ್ನು ಹೇಗೆ ಬರೆದಿದ್ದಾನೆ ನೋಡಿ. ಮೂರು ಮೆತ್ತನೆಯ ಮಾತುಗಳ ಪಕ್ಕದಲ್ಲಿ ಅದು ಸ್ವಲ್ಪ ಒರಟಾಗಿ ತಾಗಿದರೆ ಆ ಪುಸ್ತಕ ಕೊಳ್ಳಿ.